ಕಡಲಂಚಿನ ಏಳು ದಿನದ ಚಪ್ಪರ

ಸ್ಯಾಂಡಿಫರ್ಡ್ ನಿಲ್ದಾಣದಲ್ಲಿ ಬೆಳಗಿನ ಲುವಾಸ್ ಟ್ರಾಮ್ ಹತ್ತಿದಾಗ ನನ್ನ ಹೆಗಲ ಮೇಲೆ ನನಗಿಂತ ಉದ್ದದ ಬಟ್ಟೆಯ ಸುರುಳಿಯೊಂದಿತ್ತು. ಯಾವುದೋ ಹಳೆಯ ದೋಣಿಯ ಹಾಯಿ ಅದು. ಆಫೀಸಿನವರೆಲ್ಲ ಅಲ್ಲಿ ಇಳಿಯುತ್ತಿದ್ದರು, ನಾನೊಬ್ಬಳು ಹತ್ತುತ್ತಿದ್ದೆ. ಎದುರು ಕೂತಿದ್ದ ಮುದುಕರೊಬ್ಬರು ಸುರುಳಿಯನ್ನೂ ನನ್ನನ್ನೂ ಒಮ್ಮೆ ನೋಡಿ, "ಒಳಗೆ ಯಾರೂ ಇಲ್ಲ ತಾನೇ?" ಎಂದರು. ಐರ್ಲೆಂಡಿನವರ ತಮಾಷೆಯೇ ಹೀಗೆ, ಮುಖದಲ್ಲಿ ನಗುವಿನ ಸುಳಿವೂ ಇರುವುದಿಲ್ಲ. ನಾನೂ ನಗದೆ, "ಸದ್ಯಕ್ಕೆ ಯಾರೂ ಇಲ್ಲ" ಎಂದೆ. ಅವರು ತಲೆದೂಗಿ ಪತ್ರಿಕೆ ಬಿಡಿಸಿಕೊಂಡರು.

ನಾನು ಕಟ್ಟಡಗಳ ನಕ್ಷೆ ಬರೆಯುವವಳು. ಊರು ಚನ್ನರಾಯಪಟ್ಟಣ. ಡಬ್ಲಿನ್ನಿಗೆ ಬಂದಾಗಿನಿಂದ ಗಾಜಿನ ಆಫೀಸುಗಳ ಗೋಡೆಗಳನ್ನು ಕಂಪ್ಯೂಟರಿನಲ್ಲಿ ಎಳೆಯುತ್ತಾ ಕೂತಿದ್ದೇನೆ. ಆದರೆ ನನಗೆ ಕಟ್ಟುವುದನ್ನು ಕಲಿಸಿದ್ದು ಕಾಲೇಜಲ್ಲ, ಸೋದರಮಾವನ ಶಾಮಿಯಾನದ ಅಂಗಡಿ. ಸಂಜೆ ಎದ್ದು ಮಾರನೆಯ ದಿನ ಬಿಚ್ಚಿಕೊಳ್ಳುವ ಮನೆಗಳ ನಡುವೆ ಬೆಳೆದವಳು ನಾನು. ಇದನ್ನೊಮ್ಮೆ ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನ ಮಿರಿಯಮ್‌ಗೆ ಹೇಳಿದ್ದೆ. ಬಾಯಿ ಸುಮ್ಮನಿದ್ದರೆ ಕೈಗೆ ಕೆಲಸ ಬರುತ್ತಿರಲಿಲ್ಲ.

ಮಿರಿಯಮ್ ಯಹೂದಿ. ಅವರಿಗೆ ಶರತ್ಕಾಲದ ಹುಣ್ಣಿಮೆಗೆ ಸುಕ್ಕೋತ್ ಎಂಬ ಸುಗ್ಗಿಯ ಹಬ್ಬ ಬರುತ್ತದೆ. ನಮ್ಮಲ್ಲಿ ಸೀಗೆ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಹೊತ್ತು. ಪೂರ್ವಿಕರು ಮರುಭೂಮಿಯಲ್ಲಿ ಅಲೆದದ್ದರ ನೆನಪಿಗೆ ಏಳು ದಿನ ಮನೆಯ ಹೊರಗೆ ಒಂದು ಚಪ್ಪರ ಹಾಕಿ ಅದರಲ್ಲಿಯೇ ಊಟ ಮಾಡಬೇಕು. ಚಪ್ಪರಕ್ಕೆ ಸುಕ್ಕಾ ಎನ್ನುತ್ತಾರೆ. ಪ್ರತಿ ಸಂಜೆ ಸತ್ತುಹೋದ ಹಿರಿಯರೊಬ್ಬರನ್ನು ಬಾಯಿಮಾತಿನಲ್ಲಿ ಒಳಗೆ ಕರೆಯುತ್ತಾರೆ, ಅವರಿಗೆಂದು ಒಂದು ಕುರ್ಚಿ ಖಾಲಿ ಬಿಡುತ್ತಾರೆ. ಮಿರಿಯಮ್‌ಗೆ ಬೇಕಾಗಿದ್ದದ್ದು ಅಂಥದ್ದೊಂದು ಚಪ್ಪರ. ಅದು ಈ ಕಾಲದ್ದಾಗಿರಬೇಕು, ಹಗುರವಾಗಿರಬೇಕು, ಕಾರಿನ ತಲೆಯ ಮೇಲೆ ಹೇರಿಕೊಂಡು ಹೋಗುವಂತಿರಬೇಕು. ಆದರೆ ಅವಳಪ್ಪ ತಪ್ಪು ಹುಡುಕುವಂತಿರಬಾರದು.

"ನಮ್ಮಮ್ಮ ಫೆಬ್ರವರಿಯಲ್ಲಿ ಹೋದಳು" ಎಂದಿದ್ದಳು ಅವಳು. "ಅವತ್ತಿನಿಂದ ಅಪ್ಪ ಕೂತು ಊಟ ಮಾಡಿಲ್ಲ. ಅಡುಗೆಮನೆಯ ಸಿಂಕಿನ ಹತ್ತಿರ ನಿಂತು ಎರಡು ತುತ್ತು ನುಂಗ್ತಾರೆ. ಮೇಜಿಗೆ ಬನ್ನಿ ಅಂದ್ರೆ ಕಿವಿ ಕೇಳಿಸದ ಹಾಗೆ ಇರ್ತಾರೆ. ಆದರೆ ನಿಯಮ ಅಂದ್ರೆ ಅವರಿಗೆ ಪ್ರಾಣ. ಸುಕ್ಕಾ ಸರಿಯಾಗಿದ್ದರೆ ಅದರೊಳಗೆ ಕೂತು ಉಣ್ಣಲೇಬೇಕು, ಅದು ಆಜ್ಞೆ. ಸರಿಯಿಲ್ಲದಿದ್ದರೆ ತಪ್ಪಿಸಿಕೊಳ್ಳೋಕೆ ಅವರಿಗೆ ನೆಪ ಸಿಗುತ್ತೆ." ಇಷ್ಟು ಹೇಳಿ ಅವಳು ತನ್ನ ಸ್ಯಾಂಡ್‌ವಿಚ್ಚನ್ನು ಹಾಗೇ ಮುಚ್ಚಿಟ್ಟಳು. ಮಾಡೋಣ ಎಂದೆ.

ವಿನ್ಯಾಸಕ್ಕೆ ಎರಡು ತಿಂಗಳ ಸಂಜೆಗಳು ಹಿಡಿದವು. ಹಬೆಯಲ್ಲಿ ಬಾಗಿಸಿದ ಆಶ್ ಮರದ ತೆಳು ಪಟ್ಟಿಗಳು ಪಕ್ಕೆಲುಬಿನಂತೆ ಎದ್ದು ನಿಲ್ಲುತ್ತವೆ. ಒಂದರ ಕಚ್ಚಿನಲ್ಲಿ ಇನ್ನೊಂದು ಕೂರುತ್ತದೆ, ಮೊಳೆಯ ಹಂಗಿಲ್ಲ. ಮೂರು ಕಡೆ ಹಾಯಿಬಟ್ಟೆಯ ಗೋಡೆ, ಕಡಲಿನ ಕಡೆ ಬಾಗಿಲು. ನಿಯಮಗಳನ್ನು ಮಿರಿಯಮ್ ಬಾಯಿಪಾಠ ಒಪ್ಪಿಸಿದಳು: ಗೋಡೆ ಗಾಳಿಗೆ ಆಡಬಾರದು. ಚಾವಣಿ ಸೊಪ್ಪು ಸದೆ ಜೊಂಡಿನದೇ ಆಗಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು, ಆದರೆ ನಕ್ಷತ್ರ ಕಾಣಬೇಕು. ಮಳೆ ಸೋರಬಾರದು ಎಂಬ ನಿಯಮ ಮಾತ್ರ ಇಲ್ಲ. ಸೋರುವ ಚಪ್ಪರ ಹಾಕಿದವನಿಗೆ ನಮ್ಮ ಮಾವ ಕೂಲಿ ಕೊಡುತ್ತಿರಲಿಲ್ಲ.

ಮಿರಿಯಮ್‌ಳ ಅಪ್ಪನ ಮನೆ ದೇಶದ ದಕ್ಷಿಣದಲ್ಲಿ, ಕಾರ್ಕ್ ನಗರದಾಚೆಯ ಕಡಲಂಚಿನಲ್ಲಿ. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ಕಾರ್ಕಿಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಮೊದಲೇ ಕಾಯ್ದಿರಿಸಿದ್ದರಿಂದ ಟಿಕೆಟ್ಟು ಇಪ್ಪತ್ತು ಯೂರೋದ ಆಸುಪಾಸಿನಲ್ಲಿ ಸಿಕ್ಕಿತ್ತು. ಪಟ್ಟಿಗಳನ್ನು ಮಿರಿಯಮ್ ವಾರದ ಹಿಂದೆಯೇ ಕಾರಿನಲ್ಲಿ ಸಾಗಿಸಿದ್ದಳು. ದಾರಿಯುದ್ದಕ್ಕೂ ಹಸಿರು ಹೊಲ, ಒದ್ದೆ ದನ, ಕಿಟಕಿಯ ಮೇಲೆ ಓರೆಯಾಗಿ ಓಡುವ ಮಳೆಹನಿ. ಚಹಾ ಬಿಸಿಯಾಗಿತ್ತು, ಮಿಕ್ಕದ್ದನ್ನು ಹೇಳಲಾರೆ.

ಆ ರಾತ್ರಿ ಉಳಿದದ್ದು ಶೈಲಜಕ್ಕನ ಮನೆಯಲ್ಲಿ. ಅಕ್ಕ ತುಮಕೂರಿನವರು, ಕಾರ್ಕಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವರ ಯಜಮಾನರು ಹಾಲಿಹಿಲ್‌ನ ಕಂಪನಿಯೊಂದರಲ್ಲಿ ಇಂಜಿನಿಯರು, ಆವತ್ತು ಊರಲ್ಲಿರಲಿಲ್ಲ. ಅಕ್ಕ ಬಾಗಿಲು ತೆರೆದವರೇ ನನ್ನ ಸುರುಳಿ ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಏನಮ್ಮಾ, ಚಪ್ಪರ ಹಾಕೋಕೆ ಡಬ್ಲಿನ್ನಿಂದ ಇಲ್ಲಿಗೆ ಬಂದಿದ್ದೀಯ. ಮದ್ವೆ ಯಾರ್ದು?"

"ಮದ್ವೆ ಅಲ್ಲಕ್ಕ. ಒಬ್ರು ಯಜಮಾನ್ರು ಕೂತ್ಕೊಂಡು ಊಟ ಮಾಡ್ಬೇಕು, ಅದಕ್ಕೆ."

ಸಾರು ಅನ್ನ ಬಡಿಸುತ್ತಾ ಅವರು ಕಥೆಯನ್ನೆಲ್ಲ ಕೇಳಿಸಿಕೊಂಡರು. ಖಾಲಿ ಕುರ್ಚಿಯ ಮಾತು ಬಂದಾಗ ಸೌಟು ನಿಂತಿತು. "ಅಲ್ವೇ ಸುಮಾ, ನಮ್ಮ ಹಿರಿಯರ ಹಬ್ಬ ಮುಗ್ದು ಹದಿನೈದು ದಿನ ಆಯ್ತು. ನಮ್ಮೋರೆಲ್ಲ ಉಂಡ್ಕೊಂಡು ವಾಪಸ್ ಹೋದ್ರು. ಇವ್ರು ಈಗ ಕರೀತಾರಾ? ನೋಡು, ಆ ಕಡಲ ಕಡೆ ಜಾಗ ಒಂಥರಾ ಐತೆ. ನನ್ನ ಪೇಷಂಟ್‌ಗಳು ಏನೇನೋ ಹೇಳ್ತಾರೆ. ಕತ್ಲಾಗೋ ಹೊತ್ನಲ್ಲಿ ಗಿಡ ಕೊಯ್ಯೋಕೆ ಹೋಗ್ಬೇಡ. ಮಲ್ಗಿರೋ ಗಿಡ ಎಬ್ಬಿಸ್ಬಾರ್ದು."

"ಡಾಕ್ಟರಾಗಿ ಹಿಂಗಂತೀರಲ್ಲಕ್ಕ."

"ಡ್ಯೂಟೀಲಿ ಡಾಕ್ಟ್ರು, ಮನೇಲಿ ತುಮಕೂರ್‌ನೋಳು" ಎಂದರು ಅಕ್ಕ. ಅವರ ಮಗಳು ಅನ್ವಿ ಪಕ್ಕಾ ಕಾರ್ಕ್ ಧಾಟಿಯ ಇಂಗ್ಲಿಷಿನಲ್ಲಿ, "ಅಮ್ಮಾ, ಶೀ'ಲ್ ಬಿ ಗ್ರ್ಯಾಂಡ್", ಅಂದರೆ ಏನೂ ಆಗಲ್ಲ ಬಿಡು, ಎಂದು ಹೇಳಿ ಉಪ್ಪಿನಕಾಯಿ ನೆಕ್ಕುತ್ತಾ ಟಿವಿಯ ಮುಂದೆ ಹೋದಳು. ನಮ್ಮಜ್ಜಿಯೂ ಗಿಡದ ವಿಷಯದಲ್ಲಿ ಇದೇ ಮಾತು ಹೇಳುತ್ತಿದ್ದಳು. ದೇವರ ಪೂಜೆಗೆ ಒಂದು ತುಳಸಿ ದಳ ಬೇಕಾದರೂ ಹೊತ್ತು ಮುಳುಗಿದ ಮೇಲೆ ಮುಟ್ಟಗೊಡುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಬ್ಯಾಂಟ್ರಿಯ ಬಸ್ಸು. ತೊಂಬತ್ತು ಕಿಲೋಮೀಟರಿಗೆ ಎರಡು ಗಂಟೆಯ ಮೇಲೆ ಬೇಕು, ರಸ್ತೆ ಅಷ್ಟು ಸುತ್ತುತ್ತದೆ. ಬ್ಯಾಂಟ್ರಿಯಲ್ಲಿ ಮಿರಿಯಮ್ ಕಾರಿನೊಡನೆ ಕಾಯುತ್ತಿದ್ದಳು. ಅಲ್ಲಿಂದ ಮುಂದೆ ರಸ್ತೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದು. ಊರಿನ ಹೆಸರು ಬರೆಯಬೇಡ ಎಂದು ಅವಳು ಕೇಳಿಕೊಂಡಿದ್ದಾಳೆ. ಹೆಸರು ಹೇಳಿದರೂ ಮೂರು ಮನೆಗೆ ಊರು ಎನ್ನುವುದು ನಮ್ಮವರಿಗೆ ನಗು ತರಿಸುತ್ತದೆ. ಅವಳಪ್ಪ ನೇಥನ್ ಕಾರ್ಕಿನಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದವರು. ಅಲ್ಲಿ ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರು ಸೇರುವುದು ನಿಂತ ಮೇಲೆ, ಹೆಂಡತಿ ಎಸ್ತರಳೊಂದಿಗೆ ಈ ದಂಡೆಗೆ ಬಂದು ನೆಲೆಸಿದರಂತೆ.

ಮನೆಯ ಮುಂದೆ ಕಾರು ನಿಂತಾಗ ನಾನು ಮೊದಲು ಕಂಡದ್ದು ಅಡುಗೆಮನೆಯ ಕಿಟಕಿ. ಕಿಟಕಿಯಲ್ಲಿ ಎತ್ತರದ ಒಬ್ಬ ಮುದುಕರು ತಟ್ಟೆಯನ್ನು ಎದೆಯ ಹತ್ತಿರ ಹಿಡಿದು ನಿಂತೇ ತಿನ್ನುತ್ತಿದ್ದರು. ಅವರ ಹಿಂದೆ ಮೇಜು, ಮೇಜಿನ ಸುತ್ತ ನಾಲ್ಕು ಕುರ್ಚಿ, ಎಲ್ಲ ಖಾಲಿ. ಹೊರಗೆ ಬಂದು ಅವರು ನನ್ನ ಕೈ ಕುಲುಕಿದರು, ಮಳೆಯ ವಿಷಯ ಮಾತಾಡಿದರು. ಚಪ್ಪರದ ವಿಷಯಕ್ಕೆ, "ನಾಳೆ ಸಂಜೆ ನೋಡ್ತೀನಿ. ನಿಯಮದ ಪ್ರಕಾರ ಇದ್ರೆ ಸರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಜಾಗ ಮನೆಯ ಹಿಂದಿನ ಇಳಿಜಾರಿನಲ್ಲಿತ್ತು. ಕೆಳಗೆ ಕೊಲ್ಲಿಯ ಬೂದು ನೀರು, ಎಡಕ್ಕೆ ವಿಲೋ ಗಿಡಗಳ ಬೇಲಿ. ಅಲ್ಲಿನವರು ಅದನ್ನು ಸ್ಯಾಲಿ ಎನ್ನುತ್ತಾರೆ, ಎಳೆಯ ಕೊಂಬೆಗಳು ಹಗ್ಗದ ಹಾಗೆ ಬಾಗುತ್ತವೆ. ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿ ಕಚ್ಚು ಕೂರಿಸಿದೆವು. ಹಾಯಿಯನ್ನು ಎಳೆದು ಬಿಗಿದಾಗ ಅದು ತಮಟೆಯಂತೆ ನಾದ ಕೊಟ್ಟಿತು. ಗಾಳಿ ಬೀಸುತ್ತಲೇ ಇತ್ತು, ಗೋಡೆ ಮಾತ್ರ ಆಡಲಿಲ್ಲ. ನನಗೆ ಹೆಮ್ಮೆಯಾಯಿತು.

ಮಧ್ಯಾಹ್ನ ನೆರೆಯ ರೈತ ಡೋನಲ್ ಬೇಲಿಯಾಚೆ ಟ್ರಾಕ್ಟರ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದ. ಹಾಗೇ ಹೋದವನು ಒಂದು ತಟ್ಟೆಯಲ್ಲಿ ಮೂರು ಬಟ್ಟಲು ಚಹಾ ತಂದು ಕಲ್ಲಿನ ಗೋಡೆಯ ಮೇಲಿಟ್ಟ.

"ಮೂರು ಯಾಕೆ?" ಎಂದಳು ಮಿರಿಯಮ್. "ನಾವಿಬ್ಬರೇ ಇರೋದು."

ಡೋನಲ್ ಚಪ್ಪರದ ಕಡೆ ನೋಡಿದ, ಆಮೇಲೆ ನಮ್ಮನ್ನು ನೋಡಿದ. "ಹೌದಾ" ಎಂದ. "ಗ್ರ್ಯಾಂಡ್." ಮೂರನೆಯ ಬಟ್ಟಲನ್ನು ಅವನು ಹಿಂದಕ್ಕೆ ಒಯ್ಯಲಿಲ್ಲ. ಅಪ್ಪನನ್ನು ಎಣಿಸಿರಬೇಕು ಎಂದಳು ಮಿರಿಯಮ್. ಇಡೀ ಮಧ್ಯಾಹ್ನ ನೇಥನ್ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಚಹಾ ಅಲ್ಲೇ ತಣ್ಣಗಾಯಿತು.

ಚಾವಣಿಗೆಂದು ಅವಳು ಮೊದಲೇ ಕೊಯ್ದಿಟ್ಟಿದ್ದ ಜೊಂಡು ಮತ್ತು ಲಾರೆಲ್ ಸೊಪ್ಪಿನಲ್ಲಿ ಅರ್ಧವನ್ನು ಹಿಂದಿನ ರಾತ್ರಿಯ ಗಾಳಿ ಕಡಲಿಗೆ ಹಾಕಿತ್ತು. ಉಳಿದದ್ದನ್ನು ಹರಡಿದಾಗ ಬೇಲಿಯ ಕಡೆ ಎರಡು ಚಾಪೆಯಗಲದ ಕಂಡಿ ಬಿತ್ತು. ಹಬ್ಬದ ಸಾಮಾನು ತರಲು ಮಿರಿಯಮ್ ಬ್ಯಾಂಟ್ರಿಗೆ ಹೊರಟಳು, ಮಿಕ್ಕದ್ದು ನಾಳೆ ಎಂದಳು. ನನಗೆ ಕೆಲಸ ಅರ್ಧಕ್ಕೆ ಬಿಟ್ಟರೆ ನಿದ್ದೆ ಬರುವುದಿಲ್ಲ. ಚಪ್ಪರದೊಳಗೆ ಏಣಿ ಹಾಕಿಕೊಂಡು ಹತ್ತಿದೆ. ಆಗಲೇ ಹೊತ್ತು ಮುಳುಗಿತ್ತು, ಕೊಲ್ಲಿಯಿಂದ ಮಂಜು ಮೇಲಕ್ಕೆ ಬರುತ್ತಿತ್ತು. ಸ್ಯಾಲಿಯ ಕೊಂಬೆಗಳು ಕೈಗೆಟಕುವಂತೆ ಇದ್ದವು. ಕತ್ತರಿ ಜೇಬಿನಲ್ಲಿತ್ತು, ತೆಗೆಯಲು ಮನಸ್ಸಾಗಲಿಲ್ಲ. ಮಲಗಿದ ಗಿಡ. ಅಜ್ಜಿಯ ಮಾತಿಗೂ ಭಂಗ ಬರಬಾರದು, ಕೆಲಸವೂ ಆಗಬೇಕು. ನಾನೊಂದು ಜಾಣತನ ಮಾಡಿದೆ. ಕೊಂಬೆಗಳನ್ನು ಕೊಯ್ಯದೆ, ಬೇರಿನ ಮೇಲೆ ಹೇಗಿದ್ದವೋ ಹಾಗೆಯೇ ಬಗ್ಗಿಸಿ ತಂದು ಚಾವಣಿಯ ಕಂಡಿಯಲ್ಲಿ ಹೆಣೆಯತೊಡಗಿದೆ. ಗಿಡಕ್ಕೂ ನೋವಿಲ್ಲ, ಚಪ್ಪರಕ್ಕೂ ಹಸಿರು.

ಹೆಣೆದದ್ದನ್ನು ಕಟ್ಟಬೇಕಾದಾಗ ಸೆಣಬಿನ ಹುರಿ ಹೊರಗೆ ನೆಲದ ಮೇಲೆ ಉಳಿದಿರುವುದು ನೆನಪಾಯಿತು. ಎಡಗೈಯಲ್ಲಿ ನಾಲ್ಕು ಕೊಂಬೆ ಹಿಡಿದಿದ್ದೆ, ಬಿಟ್ಟರೆ ಎಲ್ಲವೂ ಚಿಮ್ಮಿ ಹೋಗುತ್ತವೆ. ಅಷ್ಟರಲ್ಲಿ ಹಾಯಿಬಟ್ಟೆಯ ಆಚೆ ಯಾರೋ ಬಂದು ನಿಂತರು. ಮನೆಯ ದೀಪದ ಬೆಳಕಿಗೆ ಹೆಂಗಸಿನ ಆಕಾರ ಬಟ್ಟೆಯ ಮೇಲೆ ಮಸುಕಾಗಿ ಮೂಡಿತ್ತು. ಮಿರಿಯಮ್ ಬಂದಳು ಎಂದುಕೊಂಡು, "ಸ್ವಲ್ಪ ಹುರಿ ಕೊಡು" ಎಂದು ಗೋಡೆಗೂ ಚಾವಣಿಗೂ ನಡುವಿನ ಸಂದಿನಲ್ಲಿ ಬಲಗೈ ಚಾಚಿದೆ. ಹುರಿ ಅಂಗೈಗೆ ಬಂತು. ಕೊಟ್ಟ ಬೆರಳು ತಣ್ಣಗಿತ್ತು, ಒದ್ದೆಯಾಗಿತ್ತು. ಥ್ಯಾಂಕ್ಸ್ ಹೇಳಿ ಕಟ್ಟಿದೆ.

ಕಟ್ಟಿ ಇಳಿದಾಗ ಯಾರೂ ಇರಲಿಲ್ಲ. ಅಂಗಳದಲ್ಲಿ ಕಾರೂ ಇರಲಿಲ್ಲ. ಮಿರಿಯಮ್ ಬಂದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ, ಎರಡು ಚೀಲ ಸಾಮಾನಿನೊಂದಿಗೆ. ನನ್ನ ಕೈಯಲ್ಲಿ ಉಳಿದ ಹುರಿಯನ್ನು ನೋಡಿದೆ. ನಾನು ಅದನ್ನು ಉಂಡೆಯಾಗಿ ತಂದಿದ್ದೆ. ಈಗ ಅದು ಹೆಬ್ಬೆರಳಿಗೂ ಕಿರುಬೆರಳಿಗೂ ಅಡ್ಡಡ್ಡ ಸುತ್ತಿದ ಎರಡು ಕುಣಿಕೆಯ ಕಂತೆಯಾಗಿತ್ತು, ನಡುವೆ ಬಿಗಿಯಾಗಿ ಒಂದು ಸುತ್ತು. ನನಗೆ ಭಯವಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಕಂತೆಯನ್ನು ಪಟ್ಟಿಯೊಂದಕ್ಕೆ ನೇತುಹಾಕಿ ಮನೆಯೊಳಗೆ ಓಡಿದೆ. ಯಾರಿಗೂ ಹೇಳಲಿಲ್ಲ. ತಾಯಿ ಸತ್ತ ಮನೆಯಲ್ಲಿ ಇಂಥ ಮಾತು ಎತ್ತುವುದು ಹೇಗೆ?

ಮೂರನೆಯ ದಿನ, ಹಬ್ಬದ ಮುನ್ನಾದಿನ, ಮಳೆ ಇರಲಿಲ್ಲ. ಮಿರಿಯಮ್ ಬೆಳಗ್ಗಿನಿಂದ ಕೋಳಿ ಸೂಪು ಮಾಡುತ್ತಿದ್ದಳು, ನನಗಾಗಿ ಬೇರೆ ಪಾತ್ರೆಯಲ್ಲಿ ತರಕಾರಿಯದು. ಚಪ್ಪರದೊಳಗೆ ಮೇಜು ಹಾಕಿದೆವು, ನಾಲ್ಕು ಕುರ್ಚಿ ಇಟ್ಟೆವು. ಹೊತ್ತು ಮುಳುಗಿದ ಕ್ಷಣದಿಂದ ಹಬ್ಬ, ಆಮೇಲೆ ಕೊಯ್ಯುವಂತಿಲ್ಲ, ಕಟ್ಟುವಂತಿಲ್ಲ, ಹೊಸದಾಗಿ ಏನನ್ನೂ ಎಬ್ಬಿಸುವಂತಿಲ್ಲ. ಆದ್ದರಿಂದ ಅಪ್ಪ ಬೇಗ ಬಂದು ನೋಡಲಿ ಎಂದು ಅವಳು ಮೂರು ಸಲ ಒಳಗೆ ಹೋಗಿ ಕರೆದಳು. ಅವರು ಬಂದದ್ದು ಸೂರ್ಯ ಗುಡ್ಡದ ನೆತ್ತಿಗೆ ತಾಗುವುದರಲ್ಲಿದ್ದಾಗ.

ನೇಥನ್ ಒಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ ಸುತ್ತು ಹಾಕಿದರು. ಗೋಡೆಯನ್ನು ಅಂಗೈಯಿಂದ ಒತ್ತಿ ನೋಡಿದರು, ತಲೆದೂಗಿದರು. ಎತ್ತರ ನೋಡಿದರು, ಮೇಲೆ ಯಾವ ಮರವೂ ಚಾಚಿಲ್ಲವೆಂದು ನೋಡಿದರು. ಮಿರಿಯಮ್ ನನ್ನ ತೋಳು ಹಿಡಿದುಕೊಂಡಿದ್ದಳು. ಬೇಲಿಯ ಕಡೆ ಬಂದವರು ನಿಂತರು. ಚಾವಣಿಯಲ್ಲಿದ್ದ ಒಂದು ಕೊಂಬೆಯ ಮೇಲೆ ಬೆರಳಿಟ್ಟು, ಅದರ ಜಾಡು ಹಿಡಿದು ಕೆಳಗೆ, ಇನ್ನೂ ಕೆಳಗೆ, ನೆಲದವರೆಗೂ ಬಗ್ಗಿದರು.

"ಇದಕ್ಕೆ ಬೇರು ಇದೆ" ಎಂದರು.

ಮಿರಿಯಮ್ ನನ್ನನ್ನು ನೋಡಿದಳು. ಅವಳ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಚಾವಣಿಗೆ ಹಾಕುವುದು ನೆಲದಲ್ಲಿ ಬೆಳೆದದ್ದಾಗಿರಬೇಕು, ಆದರೆ ನೆಲದಿಂದ ಕೊಯ್ದದ್ದೂ ಆಗಿರಬೇಕಂತೆ. ಬೇರಿನ ಮೇಲಿರುವುದನ್ನು ಹೊದಿಸಿದರೆ ಆ ಸುಕ್ಕಾ ಸುಕ್ಕಾ ಅಲ್ಲ. ಇದನ್ನು ಅವಳು ನನಗೆ ಹೇಳಿರಲಿಲ್ಲ. ಕೊಯ್ಯದೆ ಚಾವಣಿ ಹಾಕುವವರು ಭೂಮಿಯ ಮೇಲೆ ಇದ್ದಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ನಾನೇ ಮಾಡಿದ್ದು" ಎಂದೆ. "ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಗಿಡ ಕೊಯ್ಯಲ್ಲ. ಗಿಡ ಮಲಗಿರುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ದಳು. ಅದಕ್ಕೆ ಬಗ್ಗಿಸಿದೆ."

ಮುದುಕರ ತುಟಿಯ ಒಂದು ಮೂಲೆ ಅಲ್ಲಾಡಿತು. "ನಿಮ್ಮಜ್ಜಿಯನ್ನೂ ನಮ್ಮ ತಾತನನ್ನೂ ಒಂದೇ ಬೇಲಿಗೆ ತಂದು ನಿಲ್ಲಿಸಿದ್ದೀಯ" ಎಂದರು. ಆಮೇಲೆ ಆ ನಗುವೂ ಹೋಯಿತು. "ಈಗ ಕೊಯ್ದರೂ ಸಾಲದು. ಕೊಯ್ದ ಮೇಲೆ ಒಂದೊಂದನ್ನೂ ಎತ್ತಿ ಮತ್ತೆ ಇಡಬೇಕು. ಚಾವಣಿ ತಾನಾಗಿ ಆದದ್ದಾಗಬಾರದು, ಯಾರಾದರೂ ಹಾಕಿದ್ದಾಗಬೇಕು. ಹೊತ್ತಿಲ್ಲ. ಹೋಗಲಿ ಬಿಡಿ." ಮನೆಯ ಕಡೆ ತಿರುಗಿದರು. ಸಿಂಕಿನ ಕಡೆ ಎಂದು ನಮಗಿಬ್ಬರಿಗೂ ಅರ್ಥವಾಯಿತು. ಮಿರಿಯಮ್ ನನ್ನ ತೋಳು ಬಿಟ್ಟಳು.

ತಿರುಗುವಾಗ ಅವರ ಭುಜಕ್ಕೆ ಪಟ್ಟಿಯಲ್ಲಿ ನೇತಾಡುತ್ತಿದ್ದ ಹುರಿಯ ಕಂತೆ ತಾಕಿತು. ಅದನ್ನು ತೆಗೆದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ಸುತ್ತಿದ್ದು ಯಾರು?"

ಮಿರಿಯಮ್ ತಲೆಯಾಡಿಸಿದಳು. ನಾನು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲ" ಎಂದೆ. "ನಿನ್ನೆ ಸಂಜೆ ಹುರಿ ಕೇಳಿದೆ. ಬಟ್ಟೆಯ ಆಚೆಯಿಂದ ಯಾರೋ ಕೊಟ್ಟರು. ಮಿರಿಯಮ್ ಅಂದುಕೊಂಡಿದ್ದೆ."

"ನಾನು ಬ್ಯಾಂಟ್ರೀಲಿದ್ದೆ" ಎಂದಳು ಮಿರಿಯಮ್ ಮೆಲ್ಲಗೆ.

ನೇಥನ್ ಕೋಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಕಂತೆಯ ಎರಡು ಕುಣಿಕೆಗಳಲ್ಲಿ ತಮ್ಮ ಹೆಬ್ಬೆರಳು ಕಿರುಬೆರಳು ತೂರಿಸಿ ಹಿಗ್ಗಿಸಿದರು. ಅವರ ದೊಡ್ಡ ಕೈಗೆ ಅದು ಚಿಕ್ಕದಾಯಿತು. "ಚಾವಣಿ ಕಟ್ಟುತ್ತಿದ್ದದ್ದು ಎಸ್ತರ್. ಹುರೀನ ಹೀಗೇ ಸುತ್ತಿಡ್ತಿದ್ದಳು" ಎಂದರು. "ನಾನು ಗೋಡೆ, ಅವಳು ಚಾವಣಿ. ಪ್ರತಿ ವರ್ಷ ಎಲ್ಲೋ ಒಂದು ಕಡೆ ತಪ್ಪು ಬಿಡ್ತಿದ್ದಳು. ಬೇಕೂಂತಲೇ. ನಾನು ಬೈಕೊಂಡು ಏಣಿ ಹತ್ತಿ ಸರಿ ಮಾಡಲಿ ಅಂತ. ಇಲ್ಲದಿದ್ರೆ ನೀನು ಪುಸ್ತಕ ಬಿಟ್ಟು ಏಳಲ್ಲ ಅಂತಿದ್ದಳು." ಕಂತೆಯನ್ನು ಜೇಬಿಗೆ ಹಾಕಿಕೊಂಡರು. "ಏಣಿ ಎಲ್ಲಿ?"

ಆಮೇಲೆ ನಾವು ಮಾಡಿದ ಕೆಲಸವನ್ನು ನಮ್ಮ ಮಾವ ಮೆಚ್ಚುತ್ತಿದ್ದ. ನಾನು ಬುಡದಲ್ಲಿ ಕತ್ತರಿಸುತ್ತಾ ಹೋದೆ, ಮಿರಿಯಮ್ ಏಣಿ ಹಿಡಿದಳು, ನೇಥನ್ ಮೇಲೆ ನಿಂತು ಗಂಟು ಬಿಚ್ಚಿ ಒಂದೊಂದು ಕೊಂಬೆಯನ್ನೂ ಎತ್ತಿ, ಮತ್ತೆ ಇಟ್ಟರು. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ಇದು ಹಗಲೋ ಸಂಜೆಯೋ ತಿಳಿಯದೆ ಮೊದಲಿಗೆ ನಾನು ಕತ್ತರಿ ಹಿಡಿದು ಗುಡ್ಡವನ್ನೇ ನೋಡಿದೆ. "ಗುಡ್ಡದ ಹಿಂದೆ ಹೋದರೆ ಮುಳುಗಿದ ಹಾಗಲ್ಲ, ನಮ್ಮ ಲೆಕ್ಕದಲ್ಲಿ ಇನ್ನೂ ಹಗಲು. ಕೊಯ್ಯಿ" ಎಂದರು ಮೇಲಿನಿಂದ. ಮೊದಲ ಕೊಂಬೆಗೆ ಕತ್ತರಿ ಹಾಕಿದಾಗ ಬೇಲಿಯ ಆಚೆ ಯಾರೋ ಉಸಿರು ಬಿಟ್ಟ ಸದ್ದಾಯಿತು. ದನ ಇರಬೇಕು ಎಂದುಕೊಂಡೆ. ಆಚೆ ನೋಡಲಿಲ್ಲ. ನೇಥನ್ ಮಾತ್ರ ಏಣಿಯ ಮೇಲಿಂದ ಆ ಕಡೆ ಒಮ್ಮೆ ನೋಡಿದರು, ಮತ್ತೆ ಕೆಲಸ ಮುಂದುವರಿಸಿದರು.

ಕೊನೆಯ ಕೊಂಬೆ ಇಟ್ಟು ಅವರು ಇಳಿದಾಗ ಕೊಲ್ಲಿಯ ಆಚೆ ಬೆಳಕಿನ ಒಂದು ಗೆರೆ ಉಳಿದಿತ್ತು. ಮಿರಿಯಮ್ ಓಡಿಹೋಗಿ ದೀಪ ಹಚ್ಚಿದಳು. ನೇಥನ್ ಕೈ ತೊಳೆದು ಬಂದು, ಬಾಗಿಲಲ್ಲಿ ನಿಂತು, ಹಿರಿಯರನ್ನು ಕರೆಯುವ ಮಾತನ್ನು ಹೇಳಿದರು. ಅದು ನನಗೆ ತಿಳಿಯದ ಭಾಷೆ. ಕೊನೆಯಲ್ಲಿ ಒಂದು ಹೆಸರು ಮಾತ್ರ ತಿಳಿಯಿತು. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋದರು. ಕುರ್ಚಿ ಎಳೆದುಕೊಂಡರು. ಕೂತರು.

ಮಿರಿಯಮ್ ಅಳುತ್ತಿದ್ದಳು. ಸೂಪು ತರುವ ನೆಪದಲ್ಲಿ ನಾವಿಬ್ಬರೂ ಮನೆಗೆ ಬಂದೆವು. ಪಾತ್ರೆ ಎತ್ತಿಕೊಂಡು ಹೊಸ್ತಿಲು ದಾಟಿದಾಗ ಇಳಿಜಾರಿನ ಕತ್ತಲಲ್ಲಿ ಚಪ್ಪರ ಒಂದೇ ಬೆಳ್ಳಗೆ ಹೊಳೆಯುತ್ತಿತ್ತು. ಹಾಯಿಬಟ್ಟೆಯ ಮೇಲೆ ಎರಡು ನೆರಳು ಕೂತಿದ್ದವು. ಒಂದು ಎತ್ತರದ್ದು, ಇನ್ನೊಂದು ಅದಕ್ಕೆ ತುಸು ವಾಲಿಕೊಂಡದ್ದು.

"ಅಪ್ಪ ಕೋಟನ್ನ ಪಕ್ಕದ ಕುರ್ಚಿಗೆ ಹಾಕಿದ್ದಾರೆ" ಎಂದಳು ಮಿರಿಯಮ್.

"ಹೌದು" ಎಂದೆ. ಅಡುಗೆಮನೆಯ ಬಾಗಿಲೆಳೆಯಲು ನಾನು ಹಿಂದಿರುಗಿದಾಗ ಅವರ ಕೋಟು ಬಾಗಿಲ ಹಿಂದಿನ ಗೂಟದಲ್ಲಿ ನೇತಾಡುತ್ತಿತ್ತು. ಬಾಗಿಲೆಳೆದುಕೊಂಡು ಅವಳ ಹಿಂದೆ ನಡೆದೆ. ನಾವು ಒಳಗೆ ಹೋದಾಗ ನೇಥನ್ ಒಬ್ಬರೇ ಇದ್ದರು. ಅವರು ಎರಡು ಬಟ್ಟಲು ಸೂಪು ಕುಡಿದರು, ರೊಟ್ಟಿ ತಿಂದರು, ನನ್ನ ತರಕಾರಿಯ ಸೂಪನ್ನೂ ರುಚಿ ನೋಡಿ ಉಪ್ಪು ಕಡಿಮೆ ಎಂದರು. ಚಾವಣಿಯ ಸಂದಿನಲ್ಲಿ ಹುಣ್ಣಿಮೆಯ ಬೆಳಕು ಬರುತ್ತಿತ್ತು. ಖಾಲಿ ಕುರ್ಚಿಯ ಕಡೆ ನಾನು ನೋಡದೆ ಊಟ ಮುಗಿಸಿದೆ.

ಬೆಳಗ್ಗೆ ಎದ್ದಾಗ ಮಿರಿಯಮ್ ಅಡುಗೆಮನೆಯಲ್ಲಿ ಕೈಕಟ್ಟಿ ನಿಂತಿದ್ದಳು. ಅಪ್ಪ ರಾತ್ರಿಯೆಲ್ಲ ಚಪ್ಪರದಲ್ಲಿಯೇ ಮಲಗಿದ್ದರಂತೆ. ಹಾಗೆ ಮಲಗುವುದು ಹಬ್ಬದ ಪದ್ಧತಿಯೇ, ಅದಕ್ಕಲ್ಲ ಅವಳ ಚಿಂತೆ. "ಇಡೀ ರಾತ್ರಿ ಮಾತಾಡ್ತಿದ್ದರು ಸುಮಾ. ನಗ್ತಿದ್ದರು. ಈಗ ಕರೆದರೆ, ನಾನು ಇನ್ನು ಮನೆಯೊಳಗೆ ಬರಲ್ಲ ಅಂತಿದ್ದಾರೆ. ಹಬ್ಬ ಮುಗಿದ ಮೇಲೂ ಇಲ್ಲೇ ಇರ್ತೀನಿ ಅಂತ. ಕೂರಿಸೋಕೆ ಇಷ್ಟು ಒದ್ದಾಡಿದೆವು. ಈಗ ಎಬ್ಬಿಸೋದು ಹೇಗೆ?" ಹಬ್ಬದ ದಿನ ಅವಳು ಕಾರು ಓಡಿಸುವಂತಿಲ್ಲ, ನಾನು ಬಸ್ಸಿಗೆ ಕವಲುರಸ್ತೆಯವರೆಗೆ ನಡೆಯಬೇಕಿತ್ತು. ಚೀಲ ಹೆಗಲಿಗೇರಿಸಿ ಹೇಳಿಹೋಗಲು ಚಪ್ಪರಕ್ಕೆ ಹೋದೆ.

ನೇಥನ್ ಮೇಜಿನ ಮುಂದೆ ಕೂತಿದ್ದರು. ಎದುರಿನ ಕುರ್ಚಿ ಮೇಜಿನಿಂದ ಸ್ವಲ್ಪ ಹಿಂದಕ್ಕೆ ಸರಿದಿತ್ತು, ಯಾರೋ ಕಾಲು ಚಾಚಿ ಕೂತರೆ ಸರಿಯುವಷ್ಟು. ಕಿರುಮಳೆ ಶುರುವಾಗಿ ಚಾವಣಿಯಿಂದ ಅವರ ತೋಳಿನ ಮೇಲೆ ಹನಿಯುತ್ತಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ. ಮುಖದಲ್ಲಿ ಎಂಥದೋ ಕಳೆ ಬಂದಿತ್ತು, ಅದನ್ನು ಕಂಡು ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

"ಕಟ್ಟಿದವಳು ನೀನು" ಎಂದರು. "ಹೇಳು. ಯಾರೂ ಬಿಚ್ಚದಿದ್ದರೆ ಇದು ಎಷ್ಟು ದಿನ ನಿಲ್ಲುತ್ತೆ?"

ಉತ್ತರ ನನಗೆ ಗೊತ್ತಿತ್ತು. ಆಶ್ ಪಟ್ಟಿ, ಬಿಗಿದ ಹಾಯಿ, ಒಳ್ಳೆಯ ಕಚ್ಚು. ಚಳಿಗಾಲ ಪೂರ್ತಿ ನಿಲ್ಲುತ್ತದೆ, ಪುಣ್ಯವಿದ್ದರೆ ಬರುವ ವರ್ಷದ ಹಬ್ಬಕ್ಕೂ. ಕೆಲಸ ಮಾಡಿದವಳ ಜಂಬ ನಾಲಿಗೆಯ ತುದಿಗೆ ಬಂದಿತ್ತು. ಅವರ ಹಿಂದೆ ದೂರದಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ, ಮಿರಿಯಮ್ ಸಿಂಕಿನ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದಳು.

"ಏಳು ದಿನ" ಎಂದೆ. "ಅಷ್ಟಕ್ಕೇ ಕಟ್ಟಿದ್ದು. ಎಂಟನೆಯ ದಿನಕ್ಕೆ ನಾನು ಜವಾಬ್ದಾರಳಲ್ಲ."

ಅವರು ನನ್ನನ್ನು ನೋಡಿದರು. ಗೋಡೆಯ ಬಿಗಿಯನ್ನು ಕೈಯಿಂದ ಒತ್ತಿ ನೋಡಿದ ಮನುಷ್ಯ ಅವರು, ಅವರಿಗೆ ಗೊತ್ತಾಗದೆ ಇದ್ದೀತೆ? ಎದುರಿನ ಕುರ್ಚಿಯ ಕಡೆ ತಿರುಗಿ, ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವವರಂತೆ ತುಸು ವಾಲಿದರು. ಆಮೇಲೆ ನಿಧಾನವಾಗಿ ತಲೆದೂಗಿದರು.

"ಸರಿ. ಕರೆದದ್ದಕ್ಕಿಂತ ಒಂದು ದಿನ ಹೆಚ್ಚು ಅವಳು ಯಾರ ಮನೆಯಲ್ಲೂ ನಿಂತವಳಲ್ಲ" ಎಂದರು. "ಮಿರಿಯಮ್‌ಗೆ ಹೇಳು, ಎಂಟನೆಯ ದಿನ ಬೆಳಗ್ಗೆ ಮೇಜಿಗೆ ಬರ್ತೀನಿ ಅಂತ. ಒಳಗಿನ ಮೇಜಿಗೆ."

ಹೇಳಿದೆ. ಅವಳು ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಕವಲುರಸ್ತೆಗೆ ಹೋಗುವ ಏರುದಾರಿಯಲ್ಲಿ ಒಂದು ತಿರುವಿನಿಂದ ಇಡೀ ಕೊಲ್ಲಿ, ಮನೆ, ಹಿಂದಿನ ಇಳಿಜಾರು ಎಲ್ಲ ಚೆನ್ನಾಗಿ ಕಾಣುತ್ತದೆ ಎಂದು ಅವಳೇ ಹೇಳಿದ್ದಳು. ಪ್ರವಾಸ ಬರೆಯುವವರು ಅಂಥ ಕಡೆ ನಿಂತು ಒಮ್ಮೆ ಹಿಂದಿರುಗಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆಯಿಟ್ಟು ಬಾಗಿಲು ಮುಚ್ಚಿ ಹೊರಗೆ ಕೂತಾಗ, ಒಳಗೆ ಇಣುಕಲು ಹೋದ ನಮ್ಮ ತಲೆಗೆ ಅಜ್ಜಿ ಮೊಟಕುತ್ತಿದ್ದಳು. ಉಣ್ಣುವವರನ್ನು ನೋಡಬಾರದು, ನೋಡಿದರೆ ಅರ್ಧಕ್ಕೆ ಎದ್ದುಬಿಡುತ್ತಾರೆ. ತಿರುವು ಬಂದಾಗ ಕುತ್ತಿಗೆ ತಾನಾಗಿ ಹೊರಳಲು ನೋಡಿತು. ನಾನು ಕಣ್ಣನ್ನು ರಸ್ತೆಯ ಮೇಲಿಟ್ಟು ಬಸ್ಸು ಬರುವ ದಿಕ್ಕಿಗೆ ನಡೆದೆ.